ತಮ್ಮನ ಇನ್ನೂರು ಪುಟದ ನೋಟ್‌ಬುಕ್

ಬೆಳಗ್ಗೆ ಆರೂವರೆಗೆ ನಾನು ಸಿಡ್ನಿಯ ಪ್ಯಾರಮ್ಯಾಟದಲ್ಲಿ ಒಂದು ಮನೆಯ ಬಾಗಿಲು ತೆಗೆಯುತ್ತೇನೆ. ಗದಗಿನಲ್ಲಿ ಆಗ ರಾತ್ರಿ ಎರಡು ಗಂಟೆ. ಅವ್ವ ಎದ್ದು ತಮ್ಮನ ಮಗ್ಗಲು ಬದಲಿಸುವ ಹೊತ್ತು. ಇಲ್ಲಿಗೆ ಬಂದು ಆರು ವರ್ಷವಾಯಿತು, ಒಂದು ದಿನವೂ ಇದು ನೆನಪಾಗದೆ ಹೋಗಿಲ್ಲ.

ತಮ್ಮ ಏಳು ತಿಂಗಳಿಗೇ ಹುಟ್ಟಿದವನು. ಅವನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ದಿನಕ್ಕೋ, ಬೆಳೆಯುತ್ತಿರುವ ಮೆದುಳಿಗೆ ಪೆಟ್ಟಾದರೆ ಹೀಗಾಗುತ್ತದೆ. ಆ ಪೆಟ್ಟು ಆಮೇಲೆ ಹೆಚ್ಚುವುದಿಲ್ಲ. ಆದರೆ ಮೈ ಬಿಗಿತ, ನೋವು, ದಣಿವು ವಯಸ್ಸಾದಂತೆ ಜಾಸ್ತಿ ಆಗಬಹುದು. ಒಬ್ಬರಿಂದ ಒಬ್ಬರಿಗೆ ಹರಡುವಂಥದ್ದಲ್ಲ. ಇಷ್ಟು ಗೊತ್ತಾಗುವುದರೊಳಗೆ ನಮ್ಮ ಮನೆಯವರು ಎಷ್ಟು ಗುಡಿ ಸುತ್ತಿದರು, ಎಷ್ಟು ತಾಯತ ಕಟ್ಟಿಸಿದರು! ಅವರನ್ನು ನಾನು ತಪ್ಪು ಅನ್ನಲಾರೆ. ಯಾರೂ ಕೂರಿಸಿಕೊಂಡು ತಿಳಿಸಿ ಹೇಳಿರಲಿಲ್ಲ.

ಇಲ್ಲಿ ನನ್ನದು ಸಪೋರ್ಟ್ ವರ್ಕರ್ ಕೆಲಸ, ಅಂದರೆ ಅಂಗವೈಕಲ್ಯ ಇರುವವರ ಮನೆಗೆ ಹೋಗಿ ದಿನದ ಕೆಲಸಗಳಲ್ಲಿ ನೆರವಾಗುವುದು. ನಾನು ಹೋಗುವ ಮನೆಯ ಹೆಣ್ಣುಮಗಳಿಗೂ ಸಿಪಿ, ಅಂದರೆ ಅದೇ ಸೆರೆಬ್ರಲ್ ಪಾಲ್ಸಿ. ತಮ್ಮನಿಗಿಂತ ಮೂರು ವರ್ಷ ದೊಡ್ಡವಳು. ಕೈಕಾಲು ಅವಳ ಮಾತು ಕೇಳುವುದಿಲ್ಲ, ಬಾಯಿಂದ ಮಾತು ಬರುವುದಿಲ್ಲ. ಎದುರಿಗೆ ಒಂದು ಪರದೆ ಇರುತ್ತದೆ. ಅದರ ಮೇಲಿನ ಅಕ್ಷರಗಳನ್ನು ಕಣ್ಣಿನಿಂದ ಒಂದೊಂದಾಗಿ ನೋಡಿದರೆ ಯಂತ್ರ ಅವನ್ನು ಜೋಡಿಸಿ ಓದಿ ಹೇಳುತ್ತದೆ. ತಂದೆ ತಾಯಿ ಬೇರೆ ಮನೆಯಲ್ಲಿದ್ದಾರೆ. ಇವಳು ತನ್ನ ಮನೆಯಲ್ಲಿ ತಾನು ಇದ್ದಾಳೆ. ಅಂಗವೈಕಲ್ಯ ಇರುವವರಿಗಾಗಿ ಎನ್‌ಡಿಐಎಸ್ ಅಂತ ಇಲ್ಲಿ ಒಂದು ಸರ್ಕಾರಿ ಯೋಜನೆ ಇದೆ, 2013ರಲ್ಲಿ ಶುರುವಾದದ್ದು. ಇಷ್ಟು ಸಹಾಯ ಬೇಕು ಅಂತ ಒಬ್ಬೊಬ್ಬರಿಗೂ ಒಂದು ಪ್ಲಾನ್ ಮಾಡಿ, ಅದರ ಹಣವನ್ನು ಅವರ ಹೆಸರಿಗೇ ಇಡುತ್ತಾರೆ. ಸ್ನಾನ ಮಾಡಿಸಲು ಯಾರು ಬರಬೇಕು, ಯಾವ ದಿನ ಹೊರಗೆ ಹೋಗಬೇಕು ಅನ್ನುವುದನ್ನು ಅವಳೇ ತೀರ್ಮಾನಿಸುತ್ತಾಳೆ.

ಕೆಲಸಕ್ಕೆ ಸೇರಿದ ಮೊದಲ ವಾರ. ಸ್ನಾನ ಮುಗಿದಿತ್ತು. ಎರಡು ಅಂಗಿ ಹಿಡಿದು ಯಾವುದು ಹಾಕಲಿ ಅಂತ ಕೇಳಿದೆ. ಅವಳು ಪರದೆ ನೋಡಿದಳು. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಉತ್ತರ ಬರಲಿಲ್ಲ. ನಾನು ಸುಮ್ನೆ ನೀಲಿ ಅಂಗಿ ತೆಗೆದುಕೊಂಡು ತೋಳು ಹಾಕಲು ಶುರು ಮಾಡಿದೆ. ಬಿಗಿಯಾದ ಕೈ ಮೊದಲು ಹಾಕಬೇಕು, ಆಮೇಲೆ ಸಡಿಲಾದದ್ದು. ಅದು ನನಗೆ ತಮ್ಮನಿಂದಲೇ ಗೊತ್ತಿತ್ತು. ಒಂದು ತೋಳು ಮುಗಿಯುವ ಹೊತ್ತಿಗೆ ಯಂತ್ರ ಮಾತಾಡಿತು: "ಹಳದಿ." ಆಮೇಲೆ ಸ್ವಲ್ಪ ಬಿಟ್ಟು, "ನಾನು ಬರೆಯುತ್ತಿದ್ದೆ."

ಅಂಗಿ ಬಿಚ್ಚಿ ಹಳದಿ ಹಾಕಿದೆ. ಕೈ ನಡುಗುತ್ತಿತ್ತು. ಅವತ್ತು ಬಸ್ಸಿನಲ್ಲಿ ಬರುವಾಗ ತಮ್ಮನ ನೆನಪಾಗಿ ಅಳು ತಡೆಯಲಾಗಲಿಲ್ಲ. ಪ್ರತಿ ಸಲ ವಿಡಿಯೋ ಕಾಲ್‌ನಲ್ಲಿ "ಅವ್ವಾ, ತಮ್ಮ ಊಟಾ ಮಾಡಿದ್ನೇನು? ಅರಾಮದಾನಿಲ್ಲ?" ಅಂತ ಅವ್ವನನ್ನೇ ಕೇಳುತ್ತಿದ್ದೆ. ತಮ್ಮ ಪಕ್ಕದಲ್ಲೇ ಕೂತಿರುತ್ತಿದ್ದ. ಅವನಿಗೆ ಮಾತು ಬರುತ್ತದೆ. ನಿಧಾನ, ತೊದಲು, ಒಂದು ಶಬ್ದಕ್ಕೆ ಇಡೀ ಮುಖ ಬಿಗಿಯುತ್ತದೆ. ಆದರೂ ಬರುತ್ತದೆ. ನಾವು ಯಾರೂ ಕಾಯುತ್ತಿರಲಿಲ್ಲ, ಅಷ್ಟೇ.

ಅವತ್ತು ಸಂಜೆ ಅವನನ್ನೇ ಕೇಳಿದೆ. ನಿನಗೇನು ಬೇಕೋ ಹೇಳು ಅಂದೆ. ಅವ್ವ ನಡುವೆ ಬಾಯಿ ಹಾಕಿದಾಗ "ತಡಿ ಅವ್ವಾ" ಅಂದೆ. ಸುಮಾರು ಎರಡು ನಿಮಿಷ ಆಗಿರಬೇಕು. "ಅಕ್ಕಾ... ಹುಬ್ಬಳ್ಳಿ... ಪ್ಲಾಟ್‌ಫಾರಂ." ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಪ್ಲಾಟ್‌ಫಾರಂ ಆಗಿದೆಯಲ್ಲ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು, ಜಗತ್ತಿಗೇ ಉದ್ದದ್ದು. ಟಿವಿಯಲ್ಲಿ ನೋಡಿದಾಗಿನಿಂದ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಗದಗಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಎಷ್ಟು ದೂರ, ಹೇಳಿ?

ರಜೆಗೆ ಊರಿಗೆ ಹೋದಾಗ ಕರೆದುಕೊಂಡು ಹೋದೆ. ಸಿಡ್ನಿಯಲ್ಲಿ ಗಾಲಿಕುರ್ಚಿಯವರು ರೈಲು ಹತ್ತುವಾಗ ನಿಲ್ದಾಣದ ಸಿಬ್ಬಂದಿ ಮಡಚುವ ರ‍್ಯಾಂಪ್ ತಂದು ಬಾಗಿಲಿಗೆ ಹಾಕುತ್ತಾರೆ. ಇಳಿಯುವ ಸ್ಟೇಷನ್ನಿಗೂ ಫೋನ್ ಮಾಡಿ ಹೇಳಿರುತ್ತಾರೆ. ಗದಗಿನಲ್ಲಿ ನಾನು ಬೋಗಿಯ ಮೆಟ್ಟಿಲು ನೋಡುತ್ತಾ ನಿಂತಿದ್ದೆ. ಇಬ್ಬರು ಹುಡುಗರು, ಒಬ್ಬರು ಪಟಗಾ ಸುತ್ತಿದ ಹಿರಿಯರು, ನಾನು ಕೇಳುವ ಮೊದಲೇ ಬಂದು ನಿಂತರು. ಹಿರಿಯರು "ಎಲ್ಲಿ ಹಿಡೀಬೇಕಪಾ ತಮ್ಮಾ?" ಅಂತ ಅವನ ಮುಖ ನೋಡಿ ಕೇಳಿದರು. ನನ್ನನ್ನಲ್ಲ, ಅವನನ್ನು. ನಾನು ಆರು ವರ್ಷಕ್ಕೆ ಕಲಿತದ್ದನ್ನು ಅವರು ಯಾರಿಂದಲೂ ಕಲಿಯದೆ ಮಾಡಿದರು.

ಆ ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ಅವನನ್ನು ತಳ್ಳಿಕೊಂಡು ಹೋದೆ, ವಾಪಸ್ ಕೂಡ. ಹೊರಗೆ ಬಂದು ಧಾರವಾಡಕ್ಕೆ ಚಿಗರಿ ಬಸ್ ಹತ್ತಿದೆವು, ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ದಾರಿಯಲ್ಲಿ ಓಡುವ ಬಸ್ಸು ಅದು. ಚಿಗರಿ ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಎತ್ತರ. ಡ್ರೈವರ್ ಅಂಚಿಗೆ ಸರಿಯಾಗಿ ತಂದು ನಿಲ್ಲಿಸಿದರು. ಮುಂದಿನ ಗಾಲಿ ಸ್ವಲ್ಪ ಎತ್ತಿ ದಾಟಿಸಿದೆ. ಯಾರೂ ಎತ್ತಿಕೊಳ್ಳದೆ ತಮ್ಮ ಬಸ್ಸಿನೊಳಗೆ ಹೋದದ್ದು ಅವನ ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ಲೈನ್ ಬಜಾರಿನ ಪೇಡೆಯನ್ನು ಬಾಯಲ್ಲಿಟ್ಟುಕೊಂಡು ಕರಗುವವರೆಗೂ ಕಣ್ಣು ಮುಚ್ಚಿ ಕೂತಿದ್ದ.

ಸಿಡ್ನಿಯನ್ನು ಹೊಗಳಿ ಊರನ್ನು ತೆಗಳಲು ಇದನ್ನು ಬರೆಯುತ್ತಿಲ್ಲ. ಇಲ್ಲಿ ನನ್ನ ಪಾಳಿ ಮುಗಿದರೆ ನಾನು ಹೊರಡಲೇಬೇಕು. ನಾನು ನೋಡಿಕೊಳ್ಳುವ ಹೆಣ್ಣುಮಗಳ ಪಕ್ಕದ ಮನೆಯವರಿಗೆ ಅವಳ ಹೆಸರು ಗೊತ್ತಿಲ್ಲ. ತಾತ್ಕಾಲಿಕ ವೀಸಾದಲ್ಲಿ ಬಂದವರಿಗೆ ಎನ್‌ಡಿಐಎಸ್ ಸಿಗುವುದಿಲ್ಲ. ಕಾಯಂ ವೀಸಾ ಕೇಳಿದರೆ ಚಿಕಿತ್ಸೆಯ ಖರ್ಚಿನ ಲೆಕ್ಕ ಹಾಕಿ ಬೇಡ ಅನ್ನಬಹುದು. ಇಂಥ ಮಗುವನ್ನು ಕಟ್ಟಿಕೊಂಡು ವಿದೇಶಕ್ಕೆ ಬರುವ ಆಸೆ ಇದ್ದವರು ಇದನ್ನು ಮೊದಲೇ ತಿಳಿದುಕೊಳ್ಳಿ. ಮತ್ತೆ, ಇಲ್ಲಿನ ಅನುಕೂಲಗಳೂ ತಾವಾಗಿ ಬಂದವಲ್ಲ. ಸಿಡ್ನಿಯಲ್ಲಿ ಸಿಪಿ ಮಕ್ಕಳಿಗಾಗಿ 1945ರಲ್ಲಿ ಶುರುವಾದ ಕೇಂದ್ರ, ಇವತ್ತಿನ ಸೆರೆಬ್ರಲ್ ಪಾಲ್ಸಿ ಅಲಯನ್ಸ್, ಅಂಥ ಮಗಳಿದ್ದ ಗಂಡ ಹೆಂಡತಿ ಮುಂದೆ ನಿಂತು ಕಟ್ಟಿದ್ದು. ನಮ್ಮ ಗದಗಿಗೂ ಇದು ಹೊಸದಲ್ಲ. ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟು ಮಕ್ಕಳು ಸಂಗೀತ ಕಲಿತು ಬದುಕು ಕಟ್ಟಿಕೊಂಡರು! ಅಲ್ಲಿ ಮಗುವಿನ ದನಿ ಕೇಳಲು ಒಬ್ಬರು ಕೂತಿದ್ದರು.

ಅವ್ವನ ಚಿಂತೆ ಒಂದೇ. "ನಾ ಹ್ವಾದ ಮ್ಯಾಲೆ ಇವನ್ನ ಯಾರು ನೋಡ್ತಾರವಾ?" ಸಿಪಿ ಇರುವ ಮಗುವಿನ ಯಾವ ತಾಯಿಯನ್ನು ಕೇಳಿದರೂ ಇದೇ ಮಾತು. ಕಾಗದಪತ್ರದ ಕೆಲಸ ಒಂದಿಷ್ಟು ಇದೆ, ಮಾಡಿಸಿದೆವು. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಆಯಿತು. ಅದಕ್ಕಾಗಿ ಲಿಫ್ಟ್ ಇಲ್ಲದ ಒಂದು ಕಚೇರಿಯ ಮಹಡಿಗೆ ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತರು, ಅದನ್ನು ನಾನು ಮರೆಯುವುದಿಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಹದಿನೆಂಟು ದಾಟಿದವರಿಗೆ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಆದರೆ ಅವ್ವನಿಗೆ ಗೊತ್ತಿರುವುದು ಯಾವ ಕಾರ್ಡಿನಲ್ಲೂ ಇಲ್ಲ. ಇವನ "ಊಂ" ಯಾವಾಗ ಹೌದು, ಯಾವಾಗ ಬೇಡ. ಯಾವ ಕಾಲು ರಾತ್ರಿ ಎಳೆಯುತ್ತದೆ. ಅವ್ವ ಹೋದರೆ ಅದೂ ಅವಳ ಜೊತೆಗೇ ಹೋಗುತ್ತದೆ. ಇಲ್ಲಿ ನಾನು ಹೋಗುವ ಮನೆಯಲ್ಲಿ ಒಂದು ಫೈಲ್ ಇದೆ. ಹೊಸಬರು ಮೊದಲು ಅದನ್ನೇ ಓದಬೇಕು. ಎತ್ತುವುದು ಹೇಗೆ, ಊಟ ಹೇಗೆ, ಅವಳ ಹೌದು ಹೇಗಿರುತ್ತದೆ, ಎಲ್ಲ ಅದರಲ್ಲಿದೆ. ಹಾಗಾಗಿ ಊರಲ್ಲಿದ್ದಾಗ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಅವ್ವ ಹೇಳಿದಳು, ನಾನು ಬರೆದೆ. ಪ್ರತಿ ಸಾಲನ್ನು ತಮ್ಮನಿಗೆ ಓದಿ ಹೇಳಿದೆ. ಅವನು ಹೌದು ಅಂದರೆ ಮಾತ್ರ ಇಟ್ಟೆವು.

ಊಟದ ಪುಟ ಎಲ್ಲಕ್ಕಿಂತ ದೊಡ್ಡದಾಯಿತು. ಅವ್ವ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಉಣಿಸುತ್ತಿದ್ದಳು. ಪದೇ ಪದೇ ಕೆಮ್ಮು, ವರ್ಷಕ್ಕೊಮ್ಮೆ ಎದೆಯಲ್ಲಿ ಕಫ. ಹುಬ್ಬಳ್ಳಿಯಲ್ಲಿ ಥೆರಪಿಸ್ಟ್ ಒಬ್ಬರಿಗೆ ತೋರಿಸಿದೆವು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಸಣ್ಣ ಚಮಚ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಅಂದರು. ಇವನಿಗೆ ತೆಳ್ಳಗಿನ ನೀರಿಗಿಂತ ಗಟ್ಟಿ ಅಂಬಲಿ ಸಲೀಸು ಅಂತಲೂ ತೋರಿಸಿಕೊಟ್ಟರು. ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ, ನೀವೂ ತೋರಿಸಿಯೇ ಮಾಡಿ. ಅವ್ವ ಅವತ್ತು ರಾತ್ರಿ ಕೇಳಿದಳು: "ಇಷ್ಟು ವರ್ಸ ನಾನ ಅವನ್ನ ಕೆಮ್ಮಿಸಿದ್ನೇನವಾ?" ಅವಳ ಕೈ ಹಿಡಿದುಕೊಂಡು ಕೂತೆ. ಮೂವತ್ತು ವರ್ಷ ಅವನನ್ನು ಉಳಿಸಿದ ಕೈ ಅದು.

ಹೊರಡುವ ಹಿಂದಿನ ದಿನ ಎಲ್ಲ ಮುಗಿಯಿತು ಅಂತ ನೋಟ್‌ಬುಕ್ ಮುಚ್ಚಿದೆ. ತಮ್ಮ ಇನ್ನೂ ಇದೆ ಅನ್ನುವಂತೆ ತಲೆ ಆಡಿಸಿದ. ಪೆನ್ನು ಹಿಡಿದು ಕಾದೆ. ಅವ್ವ ಒಲೆಯ ಮುಂದೆ ನಿಂತವಳು ತಿರುಗಿ ನೋಡಿದಳು, ಏನೂ ಅನ್ನಲಿಲ್ಲ. ಅವನು ಒಂದೊಂದೇ ಶಬ್ದ ಹೇಳಿದ. ನಾನು ಹಾಗೇ ಬರೆದುಕೊಂಡೆ: "ಶನಿವಾರ ಸಂಜಿಕೆ ಬದನಿಕಾಯಿ ಬಜಿ. ನಡುವಿನ ಮೆತ್ತಂದು. ಖಾರ ಇರಲಿ."