ಹಾಲು ಸುರಿಯುವವಳೂ ಟೈಲ್ಸ್ ಮೇಲಿನ ಮನ್ಮಥನೂ

ಕೋಲಾರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ನಮ್ಮ ಪೀರಿಯಡ್ಡು ಇರೋದೇ ಗಣಿತದವರಿಗೆ ಸಾಲ ಕೊಡೋದಕ್ಕೆ. ಅಂಥದ್ದರಲ್ಲಿ ಇನ್‌ಸ್ಪೆಕ್ಷನ್ನಿನ ದಿನವೇ ಅದು ನನಗೆ ಉಳಿಯಿತು. ಎಂಟನೇ ಕ್ಲಾಸು, ಮನೆಬದುಕಿನ ಚಿತ್ರಗಳು. ಲೆಸನ್ ಪ್ಲಾನಿನ ಕಲಿಕಾ ಫಲದ ಕಾಲಂನಲ್ಲಿ ‘ಶ್ರಮದ ಮಹತ್ವ’ ಅಂತ ಬರೆದಿದ್ದೆ. ಏನಾದರೂ ಬರೆಯಬೇಕಲ್ಲ.

ತೋರಿಸಿದ್ದು ವರ್ಮೀರನ ‘ಹಾಲು ಸುರಿಯುವವಳು’. 1660ರ ಸುಮಾರಿನ ಡಚ್ ಚಿತ್ರ, ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಅಡುಗೆಮನೆ, ಕಿಟಕಿ, ಮೇಜಿನ ಮೇಲೆ ಬ್ರೆಡ್ಡು, ಹಾಲು ಬಗ್ಗಿಸುತ್ತಿರುವ ಗಟ್ಟಿಮುಟ್ಟಾದ ಕೆಲಸದ ಹೆಂಗಸು. ಅಸಲಿ ಚಿತ್ರ 45.5 ಸೆಂ.ಮೀ. ಎತ್ತರ, 41 ಸೆಂ.ಮೀ. ಅಗಲ, ಅಷ್ಟೇ. ನಮ್ಮ ಪ್ರೊಜೆಕ್ಟರು ಅದನ್ನು ಗೋಡೆಯಷ್ಟು ಮಾಡಿತು. ಆದರೆ ಕಿಟಕಿಗೆ ಪರದೆ ಇಲ್ಲ, ಅವಳ ನೀಲಿ ಏಪ್ರನ್ನು ಬೂದಿ ಬಣ್ಣಕ್ಕೆ ತಿರುಗಿತ್ತು. ಅದಕ್ಕೇ ಕೈಯಿಂದ ದುಡ್ಡು ಹಾಕಿ ಕಲರ್ ಪ್ರಿಂಟ್ ಹಂಚಿದ್ದೆ. ಅದೇ ಕುತ್ತಿಗೆಗೆ ಬಂತು.

“ಸರ್, ಕೆಳಗೆ ಟೈಲ್ಸ್ ಮೇಲೆ ಬಿಲ್ಲು ಹಿಡಿದಿರೋದು ಯಾರು?”

ಅದು ಕ್ಯುಪಿಡ್, ಅವರ ಕಡೆಯ ಮನ್ಮಥ. ಪಕ್ಕದಲ್ಲೇ ಕೆಂಡ ಇಟ್ಟು ಕಾಲು ಕಾಯಿಸಿಕೊಳ್ಳುವ ಪೆಟ್ಟಿಗೆ. ಎರಡನ್ನೂ ಸೇರಿಸಿ, ಇವಳ ಮನಸ್ಸು ಯಾರ ಮೇಲೋ ಇದೆ ಅನ್ನುವ ವಿದ್ವಾಂಸರಿದ್ದಾರೆ. ಅದೆಲ್ಲ ಇಲ್ಲ, ಮನೆಗೆಲಸದ ನಿಷ್ಠೆಯೇ ಇಲ್ಲಿರೋದು ಅನ್ನುವವರೂ ಇದ್ದಾರೆ. ಇಷ್ಟೂ ನನಗೆ ಗೊತ್ತು. ಆದರೆ ಹಿಂದಿನ ಬೆಂಚಿನಲ್ಲಿ ಸಾಹೇಬರು ಕೂತಿದ್ದಾರೆ.

“ಯಾರೋ ಬೇಟೆಗಾರ ಕಣೋ” ಅಂದೆ.

“ಅದು ಮನ್ಮಥ ಅಲ್ವೇನ್ರೀ ಮೇಷ್ಟ್ರೇ?” ಸಾಹೇಬರೇ ಕೇಳಿದರು.

ಹುಡುಗರು ಕಿಸಕ್ಕೆಂದರು. ನನ್ನ ಬಾಯಿ ಒಣಗಿತು. ಹೌದು ಅಂದರೆ ‘ಶ್ರಮದ ಮಹತ್ವ’ ಎಲ್ಲಿ ಹೋಯಿತು ಅಂತಾರೆ. ಅಲ್ಲ ಅಂದರೆ ದಡ್ಡ ಅಂತಾರೆ. ಸುಮ್ನೆ ಸೀಮೆಸುಣ್ಣ ಹುಡುಕುವ ನಾಟಕ ಮಾಡಿದೆ.

ಆಗ ಬಾಯಿ ಬಿಟ್ಟಿದ್ದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಸ್ಕೂಲಿಗೆ ಬರುವ ಹುಡುಗಿ. “ಯಾರಿದ್ರೇನು ಸರ್, ಅವಳು ಆ ಕಡೆ ನೋಡ್ತಾನೇ ಇಲ್ಲ. ಕಣ್ಣು ಹಾಲಿನ ಮೇಲೇ ಇದೆ. ಒಂದು ಕೈ ಕೆಳಗೆ ಕೊಟ್ಟು ಸಣ್ಣಗೆ ಬಿಡ್ತಿದ್ದಾಳೆ. ಒಣಗಿದ ಬ್ರೆಡ್ಡಿಗೆ ಜಾಸ್ತಿ ಬಿದ್ರೆ ಮುದ್ದೆ ಆಗುತ್ತಲ್ಲ.”

ಹಳೇ ಬ್ರೆಡ್ಡು ನೆನೆಸಿ ಪುಡ್ಡಿಂಗ್ ಮಾಡುತ್ತಿದ್ದಾಳೆ ಅಂತ ದೊಡ್ಡವರೂ ಬರೆದಿದ್ದಾರೆ. ನಾನು ಓದಿ ತಿಳಿದದ್ದು.

ಈಗ ಇಂಥ ಚಿತ್ರಕ್ಕೆ ಮೊದಲೇ ಅರ್ಥ ಹೇಳಲು ಹೋಗುವುದಿಲ್ಲ. ಕೈ ಏನು ಮಾಡ್ತಿದೆ, ಕಣ್ಣು ಎಲ್ಲಿದೆ ಅಂತ ಕೇಳುತ್ತೇನೆ. ಮನ್ಮಥನ ಸರದಿ ಆಮೇಲೆ, ಮುಚ್ಚುಮರೆ ಇಲ್ಲದೆ. ಕಲಿಕಾ ಫಲದ ಕಾಲಂ ಮಾತ್ರ ಹಾಗೇ ತುಂಬಬೇಕು, ಏನೂ ಮಾಡೋಕಾಗಲ್ಲ.

ಸಾಹೇಬರು ವಿಸಿಟ್ ಬುಕ್ಕಿನಲ್ಲಿ ‘ಬೋಧನೋಪಕರಣ ಬಳಸಿದ್ದಾರೆ’ ಅಂತ ಬರೆದು ಸಹಿ ಹಾಕಿದರು. ಪರದೆ ಬೇಕು ಅಂತ ಎಚ್‌ಎಂ ಬಾಯಿಬಿಟ್ಟು ಕೇಳಿದ್ದರು. ಅದರ ಬಗ್ಗೆ ಒಂದಕ್ಷರವೂ ಇಲ್ಲ.