ಹಗ್ಗ ಬಿಗಿಯಾದರೆ ಎತ್ತಿಗೆ ಜೀವ

ಸಂಕ್ರಾಂತಿ ಬರುವುದು ಜನವರಿ 14ಕ್ಕೋ 15ಕ್ಕೋ. ಪಂಚೆ-ಶಲ್ಯದ ಜಾಹೀರಾತು ಪೋಸ್ಟರಿಗೆ ಫೋಟೊ ತೆಗೆಯುವುದು ಮಾತ್ರ ಡಿಸೆಂಬರ್ ಮೊದಲ ವಾರದಲ್ಲೇ. ಬೆಳಿಗ್ಗೆ 7ಕ್ಕೆ ಬೆಂಗಳೂರಿನ ವಿಲ್ಸನ್ ಗಾರ್ಡನ್‌ನ ಸ್ಟುಡಿಯೊ ಮುಂದೆ ಟಾಟಾ ಏಸ್ ಬಂದು ನಿಂತಿತು. ಒಳಗಿದ್ದದ್ದು ಆಳೆತ್ತರದ ಥರ್ಮಾಕೋಲ್ ಎತ್ತು, ಎರಡು ತುಂಡಾಗಿ. ಇಡಿಯಾಗಿ ಮಾಡಿಸಿದರೆ ಲಿಫ್ಟಿಗೂ ಹಿಡಿಯದು, ಬಾಗಿಲಿಗೂ ಹಿಡಿಯದು. ಅದಕ್ಕೇ ಕತ್ತಿನ ಹತ್ತಿರ ಸಂದು ಬಿಡಿಸುವುದು. ಆ ಸಂದನ್ನು ಗೆಜ್ಜೆಪಟ್ಟಿ, ಅದರ ಮೇಲೊಂದು ಚೆಂಡುಹೂವಿನ ಹಾರ ಮುಚ್ಚಿಬಿಡುತ್ತವೆ.

ನಿಜವಾದ ಎತ್ತನ್ನೇ ತರಬಾರದೇ ಎಂದು ಗಿರಾಕಿಗಳು ಕೇಳುವುದುಂಟು. ತರಬಾರದು. ಫ್ಲ್ಯಾಶ್ ಹೊಡೆದಾಗಲೆಲ್ಲ ಬೆದರುವ ಮೂಕಪ್ರಾಣಿಯನ್ನು ನುಣುಪು ನೆಲದ ಮೇಲೆ ದಿನವಿಡೀ ನಿಲ್ಲಿಸಿದರೆ ಗೊರಸು ಜಾರಿ ಕಾಲು ಮುರಿಯಬಹುದು. ಹಬ್ಬ ಇರುವುದೇ ಅವುಗಳ ಮೈತೊಳೆದು ಪೂಜೆ ಮಾಡುವುದಕ್ಕೆ.

ಪ್ರಾಪ್, ಅಂದರೆ ಚಿತ್ರಕ್ಕೆ ಬೇಕಾದ ಇಂಥ ನಕಲಿ ಸಾಮಾನು, ಮಾಡುವವರು ಎಡವುವುದು ಕೊಂಬಿನಲ್ಲಿ. ತಲೆಯ ಎರಡೂ ಬದಿಗೆ ಕೊಂಬು ಅಂಟಿಸಿದರೆ ಅದು ಹಾಲಿನ ಪ್ಯಾಕೆಟ್ ಮೇಲಿನ ಸೀಮೆಹಸು. ಹಳ್ಳಿಕಾರ್ ಎತ್ತಿನ ಕೊಂಬುಗಳು ನೆತ್ತಿಯಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ, ಹಿಂದಕ್ಕೆ ವಾಲಿ, ಅರ್ಧ ದಾಟಿದ ಮೇಲೆ ಮೆಲ್ಲಗೆ ಮುಂದಕ್ಕೆ ಬಾಗುತ್ತವೆ. ಮಂಡ್ಯ, ಹಾಸನದ ಕಡೆಯವರು ಪೋಸ್ಟರ್ ನೋಡಿದರೆ ಮೊದಲು ಕಣ್ಣು ಹೋಗುವುದೇ ಅಲ್ಲಿಗೆ. ಅವತ್ತು ಕೊಂಬು ಕಿತ್ತು, ಒಳಗೆ ತಂತಿ ಇಟ್ಟು ಮತ್ತೆ ಕೂರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ತುದಿಗೆ ಹಿತ್ತಾಳೆ ಕೋಡಣಸು ಹಾಕಿದ ಮೇಲೆ ಮುಖಕ್ಕೇ ಒಂದು ಕಳೆ ಬಂತು.

ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರ. ಡಬ್ಬಿಯ ಸ್ಪ್ರೇ ಬಣ್ಣವನ್ನು ಥರ್ಮಾಕೋಲ್ ಮೇಲೆ ನೇರ ಹೊಡೆದರೆ ಅದರೊಳಗಿನ ಥಿನ್ನರ್ ಮೈಯನ್ನೇ ಕರಗಿಸಿ ಗುಳಿ ಬೀಳಿಸುತ್ತದೆ. ನೀರು ಬೆರೆಸಿದ ಫೆವಿಕಾಲ್‌ನಲ್ಲಿ ತೆಳುಬಟ್ಟೆ ಅದ್ದಿ ಮೈತುಂಬ ಅಂಟಿಸಬೇಕು. ರಾತ್ರಿಯೆಲ್ಲ ಒಣಗಿದ ಮೇಲೆ ಹೊಳಪಿಲ್ಲದ ಎಮಲ್ಷನ್ ಬಳಿಯಬೇಕು. ಹೊಳಪು ಇರಬೇಕಾದದ್ದು ಕಣ್ಣಿಗೆ ಮಾತ್ರ. ಕಪ್ಪು ಗುಡ್ಡೆಗೆ ಎರಡು ಕೋಟ್ ವಾರ್ನಿಷ್ ಕೊಟ್ಟರೆ ಬೆಳಕನ್ನು ಮೆದುಗೊಳಿಸುವ ಸಾಫ್ಟ್‌ಬಾಕ್ಸಿನ ಬೆಳಕು ಅದರಲ್ಲಿ ಚುಕ್ಕಿಯಾಗಿ ಕೂರುತ್ತದೆ. ಆ ಚುಕ್ಕಿ ಇಲ್ಲದಿದ್ದರೆ ಎಂಥ ಎತ್ತೂ ಗೊಂಬೆಯೇ.

ಹಿನ್ನೆಲೆಗೆ ಅರಿಸಿನ ಬಣ್ಣದ ಪೇಪರ್ ರೋಲ್, 2.72 ಮೀಟರ್ ಅಗಲದ್ದು. ಬಿಳಿ ಪಂಚೆ ಉಟ್ಟ ಇಬ್ಬರು ಮಾಡೆಲ್ ಹುಡುಗರನ್ನು ಅದರ ಹತ್ತಿರ ನಿಲ್ಲಿಸಿದರೆ ಪಂಚೆಯೂ ಹಳದಿ, ಮೈಯೂ ಹಳದಿ. ಎರಡು ಮೀಟರ್ ಮುಂದೆ ತಂದಾಗ ಬಿಳುಪು ಉಳಿಯಿತು. ಐಎಸ್‌ಒ 100, ಎಫ್ 8, 1/160 ಸೆಕೆಂಡು, ಕ್ಯಾಮೆರಾದ ಹೊಂದಿಕೆ ಇಷ್ಟೇ. ಬೆಳಕಿನ ಅಳತೆ ಹಿಡಿಯಬೇಕಾದದ್ದು ಪಂಚೆಗೆ, ಮುಖಕ್ಕಲ್ಲ. ಜರಿಯಂಚಿನ ಎಳೆ ಒಮ್ಮೆ ಬೆಳಕಿನಲ್ಲಿ ತೇಲಿಹೋದರೆ ಆಮೇಲೆ ಎಡಿಟಿಂಗ್‌ನಲ್ಲಿ ಸಿಕ್ಕುವುದಿಲ್ಲ.

ಕಿಚ್ಚು ಹಾಯಿಸುವ ಚಿತ್ರವೂ ಬೇಕಿತ್ತು. ಥರ್ಮಾಕೋಲ್ ಬೆಂಕಿಗೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ, ಹೊಗೆಯೂ ಕೆಟ್ಟದ್ದು. ಸ್ಟುಡಿಯೊದೊಳಗೆ ಒಂದು ಕಡ್ಡಿಯನ್ನೂ ಗೀರಬಾರದು. ನೆಲದ ಮೇಲೆ ಒಂದು ಫ್ಲ್ಯಾಶ್ ಇಟ್ಟು, ಮೇಲೆ ಕಿತ್ತಳೆ ಬಣ್ಣದ ಪಾರದರ್ಶಕ ಜೆಲ್ ಹಾಳೆ ಹಾಕಿ, ಹೊಟ್ಟೆಯ ಅಡಿಗೂ ಕಾಲಿಗೂ ಬೆಳಕು ಬೀಳಿಸಿದೆವು. ಹುಲ್ಲಿನ ಜ್ವಾಲೆಯನ್ನು ಕತ್ತಲಾದ ಮೇಲೆ ಬಯಲಲ್ಲಿ, ಕಪ್ಪು ಹಿನ್ನೆಲೆಯಲ್ಲಿ ಬೇರೆ ತೆಗೆದು, ಫೋಟೊಶಾಪಿನಲ್ಲಿ, ಕಪ್ಪನ್ನು ಮಾಯಮಾಡುವ ಸ್ಕ್ರೀನ್ ಮೋಡ್‌ನಲ್ಲಿ ಸೇರಿಸುವುದು.

ಇಷ್ಟೆಲ್ಲ ಸರಿಯಿದ್ದೂ ಮಧ್ಯಾಹ್ನದವರೆಗೆ ಚಿತ್ರ ಏಳಲಿಲ್ಲ. ಹುಡುಗರಿಬ್ಬರೂ ಹಗ್ಗ ಹಿಡಿದು ಕ್ಯಾಮೆರಾ ಕಡೆ ನಗುತ್ತಿದ್ದರು. ಎತ್ತಿನ ತೂಕ ಒಂದು ಕೈಯಲ್ಲಿ ಎತ್ತುವಷ್ಟು. ಜೋರಾಗಿ ಜಗ್ಗಿದರೆ ಅದೇ ಜಾರಿ ಬರುತ್ತದೆ. ಹಾಗಾಗಿ ಹಗ್ಗ ಸಡಿಲ, ಕಾಲು ಸಡಿಲ, ನಟನೆಯೂ ಸಡಿಲ. ಮೂಗುದಾರಕ್ಕೆ ಹಗ್ಗವನ್ನು ಗಂಟು ಹಾಕದೆ ಅದರೊಳಗಿಂದ ತೂರಿಸಿ, ಕತ್ತಿನ ಹಿಂದೆ ಮರೆಮಾಡಿ, ಚೌಕಟ್ಟಿನಾಚೆ 20 ಕಿಲೋದ ಮೂರು ಮರಳುಚೀಲಗಳಿಗೆ ಕಟ್ಟಿದೆವು. ಎತ್ತಿನ ಗೊರಸಿನ ಸುತ್ತ ಭತ್ತದ ಹುಲ್ಲು ಹರಡಿ, ಅದನ್ನು ನಿಲ್ಲಿಸಿದ್ದ ಹಲಗೆಯನ್ನು ಮುಚ್ಚಿದೆವು. ಪಂಚೆ ಜಾರದಂತೆ ಒಳಗೆ ವೆಲ್ಕ್ರೋ ಬೆಲ್ಟು, ಕಚ್ಚೆಗೆ ಎರಡು ಪಿನ್ನು.

ಹಗ್ಗ ಹಿಡಿದವನಿಗೆ ಹೇಳಿದೆವು: “ಗುರೂ, ನಗಬೇಡ. ಬಿಸಿಲೇರ್ತಿದೆ, ಈ ಎತ್ತು ಮನೆಗೆ ಬರ್ತಿಲ್ಲ, ಅಷ್ಟೇ ತಲೇಲಿರ್ಲಿ.”

ಈಗ ಎಳೆದಾಗ ಭಾರ ನಿಜವಾಗಿಯೂ ಕೈಗೆ ಬಂತು. ಮುಂಗೈ ನರ ಉಬ್ಬಿತು, ಹಿಮ್ಮಡಿ ನೆಲಕ್ಕೆ ಕಚ್ಚಿತು, ಶಲ್ಯ ಭುಜದಿಂದ ಅರ್ಧ ಜಾರಿತು. ಇನ್ನೊಬ್ಬ ಹಿಂದಿನಿಂದ ಎತ್ತಿನ ಕಿವಿಯ ಹತ್ತಿರ ಬಾಗಿ, ಅಂಗೈಯಲ್ಲಿ ಎಳ್ಳು-ಬೆಲ್ಲ ಹಿಡಿದು, ಮಗುವನ್ನು ರಮಿಸುವ ಹಾಗೆ ಏನೋ ಹೇಳುತ್ತಿದ್ದ. ಇಬ್ಬರ ಮುಖದಲ್ಲೂ ನಗುವಿಲ್ಲ. ಮಾನಿಟರ್ ಮುಂದೆ ನಿಂತವರೆಲ್ಲ ಒಟ್ಟಿಗೆ ನಕ್ಕರು. ಪೋಸ್ಟರಿಗೆ ಹೋದದ್ದು ಆ ಫ್ರೇಮೇ.