ಸತ್ತವನು ಚೌಕಿಗೆ ಹೋದ
ನಿನ್ನೆ ರಾತ್ರಿ ಕುಂಬಳೆಯಲ್ಲಿ ಜೋರು ಮಳೆ. ಅಕ್ಕನ ಮಗ ನನ್ನ ಲ್ಯಾಪ್‌ಟಾಪಿನಲ್ಲಿ ಹೇಡೀಸ್ ಅನ್ನುವ ವಿಡಿಯೋ ಗೇಮ್ ಆಡುತ್ತಾ ಕೂತಿದ್ದ. ಹನ್ನೊಂದನೇ ಸಲ ಸತ್ತ. "ಮಾವ, ಇವನು ಸತ್ತದ್ದು ಮನೆಯವರಿಗೆಲ್ಲ ಗೊತ್ತುಂಟು, ತಮಾಷೆ ಬೇರೆ ಮಾಡ್ತಾರೆ" ಅಂದ.

2020ರ ಆ ಆಟದ ಚಂದವೇ ಅದು. ನಾಯಕ ಜಾಗ್ರಿಯಸ್ ಪಾತಾಳದ ದೊರೆಯ ಮಗ, ಅಲ್ಲಿಂದ ಓಡಿಹೋಗಲು ನೋಡುವವನು, ಸತ್ತರೆ ಸ್ಟಿಕ್ಸ್ ನದಿ ಅವನನ್ನು ಸೀದಾ ಅಪ್ಪನ ಮನೆಗೇ ತಂದು ಬಿಡುತ್ತದೆ, ರಕ್ತದ ಕೊಳದಿಂದ ಎದ್ದು ಬಂದವನ ಹತ್ತಿರ ಎಲ್ಲರೂ ಮಾತಾಡುತ್ತಾರೆ, ಕತೆ ಮುಂದೆ ಹೋಗುವುದೇ ಹಾಗೆ. ಸಾಯದಿದ್ದರೆ ನಮಗೇ ನಷ್ಟ!

ಜಾಸ್ತಿ ಆಟಗಳು ಈ ವಿಷಯಕ್ಕೆ ಸುಮ್ನೆ ಕಣ್ಣು ಮುಚ್ಚಿಬಿಡುತ್ತವೆ. ನಾವು ನೂರು ಸಲ ಸತ್ತಿರುತ್ತೇವೆ, ಕತೆಯಲ್ಲಿ ನಾಯಕ ಒಮ್ಮೆಯೂ ಸತ್ತಿಲ್ಲ. 2003ರ ಪ್ರಿನ್ಸ್ ಆಫ್ ಪರ್ಷಿಯಾ ಮಾತ್ರ ಜಾಣ. ಇಡೀ ಆಟ ರಾಜಕುಮಾರ ಹೇಳುವ ಕತೆ, ನಾವು ಬಿದ್ದು ಸತ್ತರೆ ಅವನು ಅಲ್ಲ ಅಲ್ಲ, ಹಾಗಾಗಲಿಲ್ಲ ಅಂತ ತಿದ್ದಿಕೊಳ್ಳುತ್ತಾನೆ. ನಮ್ಮ ಅಜ್ಜನೂ ಹೀಗೇ ಕತೆ ಹೇಳುತ್ತಿದ್ದರು.

ಡಾರ್ಕ್ ಸೋಲ್ಸ್‌ನಲ್ಲಾದರೆ ಸಾಯಲಾಗದ್ದೇ ಶಾಪ. ಅದನ್ನು ನಾನು ಅರ್ಧದಲ್ಲೇ ಬಿಟ್ಟೆ, ಬಿಡಿ.

ಮಾರ್ಚಿನಲ್ಲಿ ಬಯಲಾಟಕ್ಕೆ ಹೋಗಿದ್ದೆವು. ಹನ್ನೊಂದು ಗಂಟೆಗೆ ಸತ್ತ ರಕ್ಕಸ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಚಾ ಕುಡಿಯುತ್ತಿದ್ದ, ಬೆಳಗಿನ ಜಾವ ಬೇರೆ ವೇಷ ಕಟ್ಟಿ ಬಂದ. ಯಾರೂ ಏನೂ ಕೇಳಲಿಲ್ಲ ಅಲ್ವಾ?

ಇದನ್ನು ಅಳಿಯನಿಗೆ ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಹಳತು, ಅದೂ ಸತ್ತಿತು.